ಒಂದೊಂದು ಪೈಸೆಯ ಋಣ ನೆನೆದ ಮಹರ್ಷಿ ಕರ್ವೆ

ಹಣವಂತರಿಲ್ಲದೆ ಸಂಸ್ಥೆ ಬೆಳೆಯದು, ಹಣವಂತರನ್ನೇ ನೆಚ್ಚಿದರೆ ಸಂಸ್ಥೆ ಉಳಿಯದು. ಸಾರ್ವಜನಿಕ ಸೇವಾ ಸಂಸ್ಥೆ ಕಟ್ಟಲು ಹೊರಟವರೆಲ್ಲ ಎದುರಿಸುವ ಇಕ್ಕಟ್ಟು ಇದು. ಭಾರತದ ಮೊದಲ ಮಹಿಳಾ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದ ಮಹರ್ಷಿ ಧೋಂಡೋ ಕೇಶವ ಕರ್ವೆಯವರು ತಮ್ಮ 104 ವರ್ಷಗಳ ಸುದೀರ್ಘ ಜೀವಿತದ ಬಹುಭಾಗವನ್ನು ಈ ಇಕ್ಕಟ್ಟಿನಲ್ಲಿಯೇ ಕಳೆದರು. ಅವರು ಪ್ರಖರ ವಾಗ್ಮಿಯಾಗಿರಲಿಲ್ಲ, ಶ್ರೀಮಂತ ಮನೆತನದವರೂ ಅಲ್ಲ. ಆದರೂ ಊರೂರು ಅಲೆದು, ಮನೆಮನೆಯ ಬಾಗಿಲು ತಟ್ಟಿ ಅವರು ಕೂಡಿಸಿದ ಹಣದಿಂದ ಸಾವಿರಾರು ಹೆಣ್ಣುಮಕ್ಕಳ ಬದುಕಿಗೆ ಬೆಳಕು ದೊರೆಯಿತು.

ಕೊಂಕಣದ ಬಡತನ

ಕರ್ವೆಯವರು ಜನಿಸಿದ್ದು 1858ರ ಏಪ್ರಿಲ್ 18ರಂದು, ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಶೇರವಲಿಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ಅದೇ ಜಿಲ್ಲೆಯ ಕಡಲತಡಿಯ ಮುರುಡ ಗ್ರಾಮದಲ್ಲಿ. ಮನೆಯಲ್ಲಿ ಕಡು ಬಡತನ. ಸಾರ್ವಜನಿಕ ಪರೀಕ್ಷೆಯೊಂದಕ್ಕೆ ಕುಳಿತುಕೊಳ್ಳುವ ಸಲುವಾಗಿ ಬಾಲಕ ಧೋಂಡೋ ಸಹ್ಯಾದ್ರಿಯ ಘಟ್ಟ ಹತ್ತಿ, ನೂರಕ್ಕೂ ಹೆಚ್ಚು ಮೈಲಿ ಕಾಲ್ನಡಿಗೆಯಲ್ಲಿ ಕ್ರಮಿಸಿ ಸಾತಾರಾ ಸೇರಿದ್ದರು. ಆದರೆ ಮೈಕಟ್ಟು ಚಿಕ್ಕದಾಗಿದ್ದ ಆ ಹುಡುಗನಿಗೆ ಹದಿನೇಳು ವರ್ಷ ತುಂಬಿದೆಯೆಂದು ಪರೀಕ್ಷಾ ಸಮಿತಿ ನಂಬಲಿಲ್ಲ. ಬರಿಗೈಯಲ್ಲಿ ಊರಿಗೆ ಮರಳಬೇಕಾಯಿತು.

ಆ ನಿರಾಸೆಯಿಂದ ಅವರು ಕುಗ್ಗಲಿಲ್ಲ. 1881ರಲ್ಲಿ ಮೆಟ್ರಿಕ್, 1884ರಲ್ಲಿ ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಿಂದ ಗಣಿತದಲ್ಲಿ ಬಿ.ಎ. ಪದವಿ ಪಡೆದರು. ಪಾಠ ಹೇಳಿ ಸಂಸಾರ ನಡೆಸುತ್ತಿದ್ದ ಆ ದಿನಗಳಲ್ಲಿಯೇ ಗಳಿಸಿದ ಪ್ರತಿ ರೂಪಾಯಿಯಲ್ಲಿ ಒಂದು ಪೈಸೆಯನ್ನು ಧರ್ಮಕಾರ್ಯಕ್ಕೆಂದು ತೆಗೆದಿರಿಸುವ ನಿಯಮ ಮಾಡಿಕೊಂಡರು. ಊರಿನ ಹಿತಕ್ಕಾಗಿ ಮುರುಡ ನಿಧಿಯನ್ನೂ ಆರಂಭಿಸಿದರು. ಪರರ ಮುಂದೆ ಕೈಚಾಚುವ ಮೊದಲು ತನ್ನ ಜೇಬಿನಿಂದ ಕೊಡಬೇಕೆಂಬ ಈ ನಿಯಮವನ್ನು ಅವರು ಕೊನೆಯವರೆಗೂ ಮುರಿಯಲಿಲ್ಲ.

ಬಹಿಷ್ಕಾರದ ಬೆಲೆ

1891ರಲ್ಲಿ ಪತ್ನಿ ರಾಧಾಬಾಯಿ ತೀರಿಕೊಂಡರು. ಅದೇ ವರ್ಷ ಕರ್ವೆಯವರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಅಧ್ಯಾಪಕರಾದರು. ಮರುಮದುವೆಯ ಮಾತು ಬಂದಾಗ, ಮದುವೆಯಾದರೆ ವಿಧವೆಯನ್ನೇ ಎಂದು ನಿಶ್ಚಯಿಸಿದರು. ಪಂಡಿತಾ ರಮಾಬಾಯಿಯವರ ಶಾರದಾ ಸದನದಲ್ಲಿ ಓದುತ್ತಿದ್ದ ಬಾಲವಿಧವೆ ಗೋದುಬಾಯಿಯವರನ್ನು 1893ರ ಮಾರ್ಚ್ 11ರಂದು ವರಿಸಿದರು. ವಿವಾಹಾನಂತರ ಆನಂದಿಬಾಯಿ ಎಂಬ ಹೆಸರು ಪಡೆದ ಈಕೆ ಮುಂದೆ ಜನರ ಬಾಯಲ್ಲಿ ಬಾಯಾ ಕರ್ವೆ ಎಂದೇ ಹೆಸರಾದರು.

ಈ ವಿವಾಹದ ಸುದ್ದಿ ಮುಟ್ಟುತ್ತಲೇ ಮುರುಡ ಗ್ರಾಮ ಕರ್ವೆಯವರಿಗೆ ಬಹಿಷ್ಕಾರ ಹಾಕಿತು. ಯಾವ ಊರಿನ ಏಳಿಗೆಗಾಗಿ ಅವರು ನಿಧಿ ಕೂಡಿಸಿದ್ದರೋ ಅದೇ ಊರಿನಲ್ಲಿ ಅವರೊಡನೆ ಒಂದೇ ಚಾಪೆಯ ಮೇಲೆ ಕೂರುವವರಿಲ್ಲವಾಯಿತು. ಮನೆಗೆ ಬರಮಾಡಿಕೊಂಡರೆ ಹೆತ್ತ ತಾಯಿಗೂ ಒಡಹುಟ್ಟಿದವರಿಗೂ ಬಹಿಷ್ಕಾರದ ಬಿಸಿ ತಟ್ಟುವ ಪರಿಸ್ಥಿತಿ. ಸಮಾಜದ ಸಿಟ್ಟಿಗೆ ಗುರಿಯಾದ ಇಂಥ ವ್ಯಕ್ತಿಯೊಬ್ಬ ಅದೇ ಸಮಾಜದ ಮುಂದೆ ದೇಣಿಗೆಗಾಗಿ ನಿಲ್ಲಬೇಕಾಗಿ ಬಂದದ್ದು ಅವರ ಜೀವನದ ದೊಡ್ಡ ಪರೀಕ್ಷೆ.

1896ರಲ್ಲಿ ಅವರು ಪುಣೆಯಲ್ಲಿ ವಿಧವೆಯರಿಗಾಗಿ ಅನಾಥ ಬಾಲಿಕಾಶ್ರಮವನ್ನು ಸ್ಥಾಪಿಸಿದರು. ಮೂಲನಿಧಿಯಾಗಿ ತಾವು ಉಳಿಸಿದ್ದ 1,000 ರೂಪಾಯಿಯನ್ನು ಮೊದಲು ಇಟ್ಟರು. ಸಂಸ್ಕೃತ ವಿದ್ವಾಂಸ ರಾಮಕೃಷ್ಣ ಗೋಪಾಲ ಭಂಡಾರ್ಕರ್ ಅಧ್ಯಕ್ಷತೆಯನ್ನು ವಹಿಸಿಕೊಂಡರು. ಮುಂದೆ ರಾವ್ ಬಹಾದ್ದೂರ್ ಗೋಖಲೆಯವರು ಪುಣೆಯ ಹೊರವಲಯದ ಹಿಂಗಣೆಯಲ್ಲಿ 6 ಎಕರೆ ಭೂಮಿಯನ್ನೂ ಕಟ್ಟಡಕ್ಕಾಗಿ 750 ರೂಪಾಯಿಯನ್ನೂ ನೀಡಿದರು. 1900ರಲ್ಲಿ ಆಶ್ರಮ ಅಲ್ಲಿನ ಪುಟ್ಟ ಗುಡಿಸಲಿಗೆ ಸ್ಥಳಾಂತರಗೊಂಡಿತು. ಕಾಲೇಜಿನಲ್ಲಿ ಪಾಠ ಮುಗಿಸಿ, ದಿನಸಿಯ ಗಂಟು ಹೊತ್ತು, ಸುಮಾರು ನಾಲ್ಕು ಮೈಲಿ ದೂರದ ಕಚ್ಚಾದಾರಿಯಲ್ಲಿ ನಡೆದು ಹೋಗಿ ಆಶ್ರಮದ ಹೆಣ್ಣುಮಕ್ಕಳಿಗೆ ಪಾಠ ಹೇಳುವುದು ಕರ್ವೆಯವರ ನಿತ್ಯದ ಪರಿಪಾಠವಾಯಿತು. ಕಾಲೇಜಿನ ರಜೆಗಳೆಲ್ಲ ದೇಣಿಗೆ ಸಂಗ್ರಹದ ಪ್ರವಾಸಕ್ಕೆ ಮೀಸಲಾದವು.

ಎರಡು ಕಾರ್ಯ, ಒಂದು ನಿರ್ಧಾರ

ಇಲ್ಲಿ ಕರ್ವೆಯವರು ಕೈಗೊಂಡ ನಿರ್ಧಾರವೊಂದು ಗಮನಾರ್ಹ. ವಿಧವಾ ವಿವಾಹವನ್ನು ಪ್ರೋತ್ಸಾಹಿಸುವ ಸಂಘವನ್ನು 1893ರಲ್ಲಿ ಆರಂಭಿಸಿದವರು ಅವರೇ. ಆದರೆ ವಿಧವೆಯರ ಶಿಕ್ಷಣಕ್ಕೆ ಹಣ ಕೊಡಲು ಸಿದ್ಧರಿದ್ದ ಅನೇಕ ಗೃಹಸ್ಥರು ವಿಧವಾ ವಿವಾಹವನ್ನು ಒಪ್ಪುತ್ತಿರಲಿಲ್ಲ. ಮಗಳನ್ನು ಆಶ್ರಮಕ್ಕೆ ಕಳುಹಿಸಿದರೆ ಮರುಮದುವೆ ಮಾಡಿಸಿಬಿಡುತ್ತಾರೆಂಬ ಭಯ ಪಾಲಕರಲ್ಲಿತ್ತು. ಎರಡನ್ನೂ ಬೆರೆಸಿದರೆ ಎರಡೂ ಕೆಡುತ್ತವೆ ಎಂಬುದನ್ನರಿತ ಕರ್ವೆಯವರು ಆಶ್ರಮವನ್ನು ಕೇವಲ ಶಿಕ್ಷಣ ಸಂಸ್ಥೆಯಾಗಿ ಇರಿಸಿದರು. ವಿವಾಹ ಸಂಘದ ಹೊಣೆಯನ್ನು ಇತರರಿಗೆ ಒಪ್ಪಿಸಿದರು.

ಸ್ವತಃ ವಿಧವೆಯನ್ನು ವರಿಸಿದವರೇ ಹೀಗೆ ಹಿಂದೆ ಸರಿದದ್ದು ಸುಧಾರಕರಿಗೆ ಹಿಡಿಸಲಿಲ್ಲ. ಇತ್ತ ಸಂಪ್ರದಾಯಸ್ಥರ ಅನುಮಾನವೂ ಪೂರ್ತಿ ನೀಗಲಿಲ್ಲ. ಆದರೆ ಒಂದು ಕಾರಣಕ್ಕೆಂದು ಪಡೆದ ಹಣವನ್ನು ಮತ್ತೊಂದಕ್ಕೆ ಬಳಸಬಾರದೆಂಬ ಶಿಸ್ತು ಇದರ ಹಿಂದಿತ್ತು. ಆಶ್ರಮಕ್ಕೆ ಕೊಟ್ಟವರು ಮೋಸಹೋದೆವೆಂದು ಎಂದೂ ಭಾವಿಸಬಾರದಿತ್ತು. ಕರ್ವೆಯವರ ಸಂಸ್ಥೆಗಳು ಬೆಳೆದದ್ದು ಈ ವಿಶ್ವಾಸದ ಬಲದ ಮೇಲೆಯೇ.

ಮನೆಯವರು ತೆತ್ತ ಬೆಲೆ

ಹೊರಗಿನವರ ವಿಶ್ವಾಸ ಗಳಿಸಿದ ಕರ್ವೆಯವರು ಮನೆಯವರ ಸಹನೆಯನ್ನು ಹಲವು ಬಾರಿ ಪರೀಕ್ಷೆಗೊಡ್ಡಿದರು. ಸಂಸಾರಕ್ಕಿದ್ದ ಏಕೈಕ ಭದ್ರತೆಯೆನ್ನಬಹುದಾದ 5,000 ರೂಪಾಯಿಯ ಜೀವವಿಮಾ ಪಾಲಿಸಿಯನ್ನೂ ಅವರು ಆಶ್ರಮಕ್ಕೆ ಅರ್ಪಿಸಿಬಿಟ್ಟರು. ಮಕ್ಕಳ ಭವಿಷ್ಯ ನೆನೆದು ಆನಂದಿಬಾಯಿ ನೊಂದುಕೊಂಡರು. ನಾಗಪುರಕ್ಕೆ ಹೋಗಿ ಸೂಲಗಿತ್ತಿಯ ತರಬೇತಿ ಪಡೆದು ಬಂದಿದ್ದ ಆ ತಾಯಿಯ ದುಡಿಮೆಯೂ ಸಂಸಾರಕ್ಕೆ ಆಧಾರವಾಯಿತು. ಕರ್ವೆಯವರ ತ್ಯಾಗದ ಅರ್ಧಪಾಲು ಈಕೆಗೆ ಸಲ್ಲಬೇಕೆನ್ನುವುದರಲ್ಲಿ ಅತಿಶಯೋಕ್ತಿಯಿಲ್ಲ.

ಆನಂದಿಬಾಯಿಯವರ ತಂಗಿ ಪಾರ್ವತಿಬಾಯಿ ಆಠವಲೆಯವರ ಸೇವೆಯೂ ಅಷ್ಟೇ ಹಿರಿದು. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾಗಿ ಆಶ್ರಮ ಸೇರಿದ ಈಕೆ ಅಲ್ಲಿಯೇ ಓದು ಕಲಿತು, ಆಶ್ರಮದ ನಿಧಿ ಸಂಗ್ರಹಕ್ಕಾಗಿ ದೇಶವೆಲ್ಲ ಸಂಚರಿಸಿದರು. ಇಂಗ್ಲಿಷ್ ಕಲಿಯಬೇಕೆಂಬ ಹಂಬಲದಿಂದ 1918ರಲ್ಲಿ ಅಮೆರಿಕೆಗೆ ತೆರಳಿ, ಅಲ್ಲಿ ಪರರ ಮನೆಗೆಲಸ ಮಾಡಿ ಹೊಟ್ಟೆ ಹೊರೆದು, ಆಶ್ರಮಕ್ಕಾಗಿ ಹಣವನ್ನೂ ಕೂಡಿಸಿದರು. ದೇಣಿಗೆಯ ಫಲವೇನೆಂಬುದನ್ನು ದಾನಿಗಳು ಈಕೆಯಲ್ಲಿ ಕಣ್ಣಾರೆ ಕಾಣಬಹುದಾಗಿತ್ತು.

ವಿದ್ಯಾಪೀಠದ ಕನಸು

1915ರಲ್ಲಿ ಕಾಶಿಯ ಶಿವಪ್ರಸಾದ ಗುಪ್ತರು ಕಳುಹಿಸಿದ ಕಿರುಹೊತ್ತಿಗೆಯೊಂದು ಕರ್ವೆಯವರ ಕೈಸೇರಿತು. ಜಪಾನಿನ ಮಹಿಳಾ ವಿಶ್ವವಿದ್ಯಾಲಯದ ವಿವರ ಅದರಲ್ಲಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ನಡೆದ ರಾಷ್ಟ್ರೀಯ ಸಾಮಾಜಿಕ ಪರಿಷತ್ತಿನ ಅಧ್ಯಕ್ಷಪೀಠದಿಂದ ಅವರು ಭಾರತಕ್ಕೂ ಅಂಥದೊಂದು ವಿದ್ಯಾಪೀಠ ಬೇಕೆಂದು ಸಾರಿದರು. ಮಾತೃಭಾಷೆಯಲ್ಲಿ ಉಚ್ಚ ಶಿಕ್ಷಣ ನೀಡುವ ಮಹಿಳಾ ವಿದ್ಯಾಪೀಠ 1916ರಲ್ಲಿ ಆರಂಭವಾಯಿತು. ಮೊದಲ ವರ್ಷ ಕಾಲೇಜು ಸೇರಿದ ವಿದ್ಯಾರ್ಥಿನಿಯರು ಕೇವಲ ಐವರು. ಸರ್ಕಾರದ ಮಾನ್ಯತೆಯೂ ಇಲ್ಲ, ಅನುದಾನವೂ ಇಲ್ಲ.

ವಾರ್ಷಿಕ ವಂತಿಗೆ ನೀಡುವವರ ಮತದಾರ ಮಂಡಳಿಗಳನ್ನು ರಚಿಸಿ, ವಿದ್ಯಾಪೀಠದ ಸೆನೆಟ್ ಸದಸ್ಯರನ್ನು ಆರಿಸುವ ಹಕ್ಕನ್ನು ಅವರಿಗೆ ಕೊಡಲಾಯಿತು. ಒಮ್ಮೆ ಕೊಟ್ಟು ಮರೆಯುವ ದಾನಿ ಇದರಿಂದ ವರ್ಷವರ್ಷವೂ ಸಂಸ್ಥೆಯ ಲೆಕ್ಕ ಕೇಳುವ ಪಾಲುದಾರನಾದ. ಇಂಗ್ಲಿಷನ್ನು ಕಡ್ಡಾಯ ವಿಷಯವಾಗಿಸುವ ಬಗ್ಗೆ ಮಹಾತ್ಮಾ ಗಾಂಧೀಜಿಯವರಿಗೆ ಕರ್ವೆಯವರೊಡನೆ ಒಮ್ಮತವಿರಲಿಲ್ಲ. ಆದಾಗ್ಯೂ ಅವರು ವರ್ಷಕ್ಕೆ 10 ರೂಪಾಯಿಯ ವಂತಿಗೆ ನೀಡಲು ಒಪ್ಪಿದರು. ಗಾಂಧೀಜಿಯವರ ಹೆಸರು ಸಿಗಲೆಂದು ಕರ್ವೆಯವರು ತಮ್ಮ ನಿಲುವು ಬದಲಿಸಲಿಲ್ಲ. ಭಿನ್ನಮತವಿದೆಯೆಂದು ಗಾಂಧೀಜಿ ಬೆಂಬಲ ನಿರಾಕರಿಸಲೂ ಇಲ್ಲ.

ಹದಿನೈದು ಲಕ್ಷದ ದಾನ

ವಿದ್ಯಾಪೀಠದ ಭಾಗ್ಯದ ಬಾಗಿಲು ತೆರೆದದ್ದು 1920ರಲ್ಲಿ. ಮುಂಬಯಿಯ ಗಿರಣಿ ಉದ್ಯಮಿ ಸರ್ ವಿಠ್ಠಲದಾಸ ಥ್ಯಾಕರ್ಸಿಯವರು ಪತ್ನಿ ಪ್ರೇಮಲೀಲಾ ಅವರೊಂದಿಗೆ ಕೈಗೊಂಡಿದ್ದ ವಿದೇಶ ಪ್ರವಾಸದಲ್ಲಿ ಜಪಾನಿನ ಮಹಿಳಾ ವಿಶ್ವವಿದ್ಯಾಲಯವನ್ನು ಕಂಡಿದ್ದರು. ಮೈಸೂರು ದಿವಾನಗಿರಿಯಿಂದ ಆಗಷ್ಟೇ ನಿವೃತ್ತರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಆ ಪ್ರವಾಸದಲ್ಲಿ ಜೊತೆಗಿದ್ದರೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ಸಂಗತಿ. ಕರ್ವೆಯವರು ಪುಣೆಯಲ್ಲಿ ಕಟ್ಟುತ್ತಿರುವುದು ಎಂಥದೆಂದು ಥ್ಯಾಕರ್ಸಿಯವರಿಗೆ ಮನದಟ್ಟಾಯಿತು. ಮರಳಿ ಬಂದವರು 15 ಲಕ್ಷ ರೂಪಾಯಿಯ ದಾನ ಘೋಷಿಸಿದರು. ವರ್ಷಕ್ಕೆ 52,500 ರೂಪಾಯಿ ಬಡ್ಡಿ ವಿದ್ಯಾಪೀಠಕ್ಕೆ ಸಲ್ಲುವ ವ್ಯವಸ್ಥೆಯಾಯಿತು. ದಾನಿಯ ತಾಯಿಯ ಸ್ಮರಣಾರ್ಥ ವಿದ್ಯಾಪೀಠಕ್ಕೆ ಶ್ರೀಮತಿ ನಾಥಿಬಾಯಿ ದಾಮೋದರ ಥ್ಯಾಕರ್ಸಿ ಎಂಬ ಹೆಸರಿಡಬೇಕೆಂಬ ಷರತ್ತನ್ನು ಕರ್ವೆಯವರು ಒಪ್ಪಿಕೊಂಡರು.

ಆದರೆ ದೊಡ್ಡ ದಾನದೊಂದಿಗೆ ದೊಡ್ಡ ಅವಲಂಬನೆಯೂ ಬರುತ್ತದೆ. ವಿಠ್ಠಲದಾಸರು ಅಕಾಲಿಕವಾಗಿ ನಿಧನರಾದರು. ಮುಂದೆ 1930ರ ದಶಕದಲ್ಲಿ ಅವರ ಆಸ್ತಿಯ ವಿಶ್ವಸ್ತರಿಗೂ ವಿದ್ಯಾಪೀಠಕ್ಕೂ ನಡುವೆ ಭಿನ್ನಾಭಿಪ್ರಾಯ ತಲೆದೋರಿ, ವಾರ್ಷಿಕ ಹಣ ಕೆಲವು ಕಾಲ ನಿಂತುಹೋಯಿತು. ಅಂಥ ಸಂಕಟದಲ್ಲಿ ಕೈಹಿಡಿದದ್ದು ಕರ್ವೆಯವರು ಹನಿಹನಿಯಾಗಿ ಕೂಡಿಸಿದ್ದ ನಿಧಿ ಮತ್ತು ಕಡಿಮೆ ಸಂಬಳಕ್ಕೆ ದುಡಿಯಲು ಒಪ್ಪಿದ್ದ ಕಾರ್ಯಕರ್ತರು. ಕೊನೆಗೆ ಉಭಯ ಪಕ್ಷಗಳಲ್ಲಿ ಒಡಂಬಡಿಕೆಯಾಗಿ, 1936ರಲ್ಲಿ ವಿದ್ಯಾಪೀಠದ ಕೇಂದ್ರ ಕಚೇರಿ ಪುಣೆಯಿಂದ ಮುಂಬಯಿಗೆ ಸ್ಥಳಾಂತರಗೊಂಡಿತು.

ಎಪ್ಪತ್ತರ ನಂತರ ಲೋಕಸಂಚಾರ

ವಿಶ್ರಾಂತಿಯ ವಯಸ್ಸಿನಲ್ಲಿ ಕರ್ವೆಯವರು ಹಡಗು ಹತ್ತಿದರು. 1929ರಲ್ಲಿ ಹೊರಟು ಯುರೋಪು, ಅಮೆರಿಕ, ಜಪಾನುಗಳಲ್ಲಿ ಸಂಚರಿಸಿ, ಶಿಕ್ಷಣ ಸಮ್ಮೇಳನಗಳಲ್ಲಿ ಭಾರತೀಯ ಸ್ತ್ರೀಶಿಕ್ಷಣದ ಕುರಿತು ಮಾತನಾಡಿ 1930ರಲ್ಲಿ ಹಿಂದಿರುಗಿದರು. ಅದೇ ವರ್ಷಾಂತ್ಯದಲ್ಲಿ ಆಫ್ರಿಕಾ ಖಂಡಕ್ಕೆ ತೆರಳಿ, ಕೀನ್ಯಾ, ಉಗಾಂಡ, ಜಾಂಜಿಬಾರ್, ದಕ್ಷಿಣ ಆಫ್ರಿಕಾ ಮೊದಲಾದೆಡೆ ನೆಲೆಸಿದ್ದ ಭಾರತೀಯರಿಂದ ವಿದ್ಯಾಪೀಠಕ್ಕೆ ನೆರವು ತಂದರು.

ಅಷ್ಟಕ್ಕೇ ಅವರಿಗೆ ತೃಪ್ತಿಯಿರಲಿಲ್ಲ. ಶಾಲೆಯಿಲ್ಲದ ಹಳ್ಳಿಗಳಲ್ಲಿ ಪ್ರಾಥಮಿಕ ಶಿಕ್ಷಣ ಹಬ್ಬಿಸಲು 1936ರಲ್ಲಿ ಮತ್ತೊಂದು ಮಂಡಳಿ ಸ್ಥಾಪಿಸಿದರು. ತಮಗೆ ಬರುತ್ತಿದ್ದ ತಿಂಗಳ 70 ರೂಪಾಯಿ ಪಿಂಚಣಿಯಲ್ಲಿ 15 ರೂಪಾಯಿಯನ್ನು ಅದಕ್ಕೆ ಮೀಸಲಿಟ್ಟು, ಎಂಬತ್ತರ ಹೊಸ್ತಿಲಲ್ಲಿ ಪುಣೆಯ ಬೀದಿಗಳಲ್ಲಿ ಮನೆಮನೆ ತಿರುಗಿ ಚಿಲ್ಲರೆ ಕಾಸು ಕೂಡಿಸಿದರು. ಲಕ್ಷಗಳ ದಾನ ಕಂಡ ಮೇಲೂ ಪೈಸೆಯ ಮಹತ್ವ ಅವರ ಕಣ್ಣಿನಲ್ಲಿ ಕಡಿಮೆಯಾಗಿರಲಿಲ್ಲ.

ಸಾರ್ಥಕ ಶತಮಾನ

1949ರಲ್ಲಿ ಮುಂಬಯಿ ಸರ್ಕಾರದ ಕಾಯಿದೆಯ ಮೂಲಕ ವಿದ್ಯಾಪೀಠಕ್ಕೆ ಶಾಸನಬದ್ಧ ವಿಶ್ವವಿದ್ಯಾಲಯದ ಮಾನ್ಯತೆ ದೊರೆಯುವ ದಾರಿ ತೆರೆಯಿತು. ಹಾಗೆ ಮಾನ್ಯತೆ ಪಡೆದ ವಿಶ್ವವಿದ್ಯಾಲಯದ ಮೊದಲ ಕುಲಪತಿಯ ಹೊಣೆ ಹೊತ್ತವರು ವಿಠ್ಠಲದಾಸರ ಪತ್ನಿ ಪ್ರೇಮಲೀಲಾ ಥ್ಯಾಕರ್ಸಿ. ಹಣ ಕೊಟ್ಟು ದೂರ ನಿಲ್ಲಬಹುದಾಗಿದ್ದ ಕುಟುಂಬ, ನಡುವೆ ಮನಸ್ತಾಪದ ದಿನಗಳನ್ನು ದಾಟಿಯೂ ಸಂಸ್ಥೆಯ ಸೇವೆಗೆ ನಿಂತಿತು.

ಕರ್ವೆಯವರಿಗೆ 1955ರಲ್ಲಿ ಪದ್ಮವಿಭೂಷಣ, ನೂರು ವರ್ಷ ತುಂಬಿದ 1958ರಲ್ಲಿ ಭಾರತರತ್ನ ಪ್ರಶಸ್ತಿ ಸಂದಿತು. ಅದೇ ವರ್ಷ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು; ಜೀವಂತವಿರುವಾಗಲೇ ಭಾರತದ ಅಂಚೆಚೀಟಿಯಲ್ಲಿ ಕಾಣಿಸಿಕೊಂಡ ಮೊದಲ ಭಾರತೀಯ ಅವರು. 1962ರ ನವೆಂಬರ್ 9ರಂದು ಪುಣೆಯಲ್ಲಿ ಅವರು ಕೊನೆಯುಸಿರೆಳೆದರು.

ಗುಡಿಸಲಿನಲ್ಲಿ ಆಶ್ರಮ ನಡೆದ ಹಿಂಗಣೆ ಇಂದು ಕರ್ವೆನಗರ. ಮುಂಬಯಿಯ ಚರ್ಚ್‌ಗೇಟ್ ಬಳಿಯ ಹೆದ್ದಾರಿಗೆ ಮಹರ್ಷಿ ಕರ್ವೆಯವರ ಹೆಸರಿದೆ. ಅದರ ಸಮೀಪದಲ್ಲೇ ವಿಶ್ವವಿದ್ಯಾಲಯವಿರುವ ರಸ್ತೆಗೆ ನಾಥಿಬಾಯಿ ಥ್ಯಾಕರ್ಸಿಯವರ ಹೆಸರಿದೆ. ಬೇಡಿದವರ ಹೆಸರೂ ನೀಡಿದವರ ಹೆಸರೂ ಹೀಗೆ ನೆರೆಹೊರೆಯಾಗಿ ಉಳಿದಿವೆ. ಪೈಸೆ ಕೊಟ್ಟ ಅಸಂಖ್ಯ ಮಂದಿಯ ಹೆಸರು ಯಾವ ಫಲಕದಲ್ಲಿಯೂ ಇಲ್ಲ. ಅವರ ಋಣವನ್ನು ಅಲ್ಲಿ ಓದಿ ಹೊರಬರುವ ಪ್ರತಿ ವಿದ್ಯಾರ್ಥಿನಿಯೂ ತೀರಿಸುತ್ತಿದ್ದಾಳೆ.