ಜಾನ್ ಬೈರನ್: ಒಂದು ನಾವಿಕ ಜೀವನ

ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೈರನ್ ಎಂದೊಡನೆ ನೆನಪಾಗುವವನು ಕವಿ. ಆತನ ಪಿತಾಮಹ ಜಾನ್ ಬೈರನ್ (1723–1786) ತನ್ನ ಕಾಲದಲ್ಲಿ ಅಷ್ಟೇ ಹೆಸರಾಗಿದ್ದ ನಾವಿಕ.

ಸ್ಪೇನಿನ ವಿರುದ್ಧ 1740ರಲ್ಲಿ ಜಾರ್ಜ್ ಆನ್ಸನ್ ಕೊಂಡೊಯ್ದ ನೌಕಾದಳದ ‘ವೇಜರ್’ ಹಡಗಿನಲ್ಲಿ ಆತ ಕಿರಿಯ ಅಧಿಕಾರಿಯಾಗಿದ್ದ, ವಯಸ್ಸು ಹದಿನಾರು. ಮೂಲತಃ ಈಸ್ಟ್ ಇಂಡಿಯಾ ಕಂಪೆನಿಯ ವ್ಯಾಪಾರಕ್ಕೆ ದುಡಿದಿದ್ದ ಆ ಹಡಗು 1741ರ ಮೇ ತಿಂಗಳಲ್ಲಿ ಚಿಲಿಯ ದಕ್ಷಿಣ ತೀರದ ದ್ವೀಪವೊಂದರ ಬಂಡೆಗಳಿಗೆ ಬಡಿದು ಒಡೆಯಿತು. ಸುಮಾರು 140 ಮಂದಿ ದಡ ಸೇರಿದರು.

ಹಡಗು ನಾಶವಾದೊಡನೆ ನಾವಿಕರ ಸಂಬಳ ನಿಲ್ಲುವುದು ಅಂದಿನ ಪದ್ಧತಿ. ಸಂಬಳವೇ ನಿಂತ ಮೇಲೆ ಕಪ್ತಾನನ ಆಜ್ಞೆಗೆ ತಾವು ಬದ್ಧರೇ ಎಂಬ ಪ್ರಶ್ನೆ ಹಸಿದವರ ನಡುವೆ ಸಹಜವಾಗಿಯೇ ಎದ್ದಿತು. ಕಪ್ತಾನ ಡೇವಿಡ್ ಚೀಪ್ ದಂಗೆಯ ಶಂಕೆಯಿಂದ ಕಜನ್ಸ್ ಎಂಬ ಕಿರಿಯ ಅಧಿಕಾರಿಗೆ ಗುಂಡಿಕ್ಕಿದ. ನೆಲಕ್ಕೆ ಬಿದ್ದ ಕಜನ್ಸ್ ಬೈರನ್ನನ ಕೈಹಿಡಿದು, ವಿದಾಯ ಹೇಳುವವನಂತೆ ತಲೆಯಾಡಿಸಿದನಂತೆ. ಅಕ್ಟೋಬರಿನಲ್ಲಿ ತೋಪುದಳದ ಅಧಿಕಾರಿ ಜಾನ್ ಬಲ್ಕ್‌ಲೀಯ ಪಕ್ಷ ಕಪ್ತಾನನನ್ನು ದ್ವೀಪದಲ್ಲೇ ಬಿಟ್ಟು ಬ್ರೆಜಿಲ್ಲಿನತ್ತ ಹೊರಟಿತು. ಬೈರನ್ ಮೊದಲು ಅವರೊಡನೆ ಹೊರಟವನೇ. ಕಪ್ತಾನನನ್ನು ಕೈಬಿಡಲಾಗಿದೆಯೆಂದು ತಿಳಿದಾಗ ದೋಣಿಯೊಂದರಲ್ಲಿ ಹಿಂದಿರುಗಿದ. ಚೀಪ್‌ನ ಕ್ರೌರ್ಯವನ್ನು ಕಣ್ಣಾರೆ ಕಂಡವನು ಅವನ ಬಳಿಗೇ ಮರಳಿದ್ದು ಈ ಜೀವನದ ಅತ್ಯಂತ ಕಠಿಣ ನಿರ್ಧಾರ.

ಮರಳಿದ್ದರಿಂದ ಸುಖವೇನೂ ದೊರೆಯಲಿಲ್ಲ. ಉತ್ತರದತ್ತ ಸಾಗುವಾಗ ದೋಣಿಯೊಂದು ಮುಳುಗಿ, ಸ್ಥಳ ಸಾಲದೆ ನಾಲ್ವರು ಸೈನಿಕರನ್ನು ತೀರದಲ್ಲೇ ಬಿಡಬೇಕಾಯಿತು; ಹೊರಟವರಿಗೆ ಅವರು ದಡದಿಂದಲೇ ಜಯಕಾರ ಹಾಕಿದರು. ಸ್ಥಳೀಯ ಮೂಲನಿವಾಸಿಗಳ ಮುಖಂಡನೊಬ್ಬನ ಮಾರ್ಗದರ್ಶನವಿಲ್ಲದಿದ್ದರೆ ಉಳಿದವರೂ ಅಳಿಯುತ್ತಿದ್ದರು. ಸ್ಪೇನಿನವರ ಸೆರೆಯಾಳಾಗಿ ಚಿಲಿಯಲ್ಲಿ ಕಾಲ ಕಳೆದ ಬೈರನ್ 1746ರಲ್ಲಿ ಇಂಗ್ಲೆಂಡಿಗೆ ಮರಳಿದ. ಅದೇ ವರ್ಷ ನಡೆದ ಸೇನಾ ವಿಚಾರಣೆ ಹಡಗಿನ ನಾಶವನ್ನಷ್ಟೇ ಪರಿಶೀಲಿಸಿತು. ದಂಗೆಯ ಮಾತನ್ನೇ ಎತ್ತಲಿಲ್ಲ. ಅಧಿಕಾರಕ್ಕೆ ಮೌನವೇ ಅನುಕೂಲವಾಗಿದ್ದಿರಬೇಕು.

ಮುಂದೆ ‘ಡಾಲ್ಫಿನ್’ ಹಡಗಿನಲ್ಲಿ ಭೂಪ್ರದಕ್ಷಿಣೆ (1764–66), ನ್ಯೂಫೌಂಡ್‌ಲೆಂಡಿನ ಆಡಳಿತ, 1779ರ ಗ್ರೆನಾಡಾ ಕದನದ ಸೋಲು. ಹೋದೆಡೆಯಲ್ಲೆಲ್ಲ ಬಿರುಗಾಳಿಯನ್ನು ಎದುರಿಸಿದ್ದರಿಂದ ನಾವಿಕರು ಆತನಿಗೆ ದುರ್ದಿನದ ಜಾಕ್ ಎಂಬರ್ಥದ ಅಡ್ಡಹೆಸರಿಟ್ಟಿದ್ದರು.

ಬಲ್ಕ್‌ಲೀ ತನ್ನ ಪಕ್ಷದ ದಿನಚರಿಯನ್ನು 1743ರಲ್ಲೇ ಪ್ರಕಟಿಸಿದ್ದ. ಬೈರನ್ನನ ವೃತ್ತಾಂತ ಹೊರಬಂದುದು 1768ರಲ್ಲಿ. ದ್ವೀಪದಲ್ಲಿ ತಾನು ಸಾಕಿದ್ದ ನಾಯಿಯನ್ನು ಸಂಗಾತಿಗಳು ಕೊಂದು ತಿಂದುದನ್ನೂ, ಕೆಲವು ವಾರಗಳ ಅನಂತರ ಎಸೆದಿದ್ದ ಅದರ ಪಂಜಗಳನ್ನು ಹುಡುಕಿ ತಾನೇ ತಿಂದುದನ್ನೂ ಆತ ಮುಚ್ಚಿಡದೆ ಬರೆದ. ತಾತನ ಮರಣಾನಂತರ, 1788ರಲ್ಲಿ ಹುಟ್ಟಿದ ಮೊಮ್ಮಗ ಆ ಗ್ರಂಥವನ್ನು ಓದಿದ್ದ. 1819ರಲ್ಲಿ ಪ್ರಕಟವಾದ ‘ಡಾನ್ ಜುವಾನ್’ ಕಾವ್ಯದ ಎರಡನೆಯ ಸರ್ಗದಲ್ಲಿ, ಮುಳುಗಿದ ಹಡಗಿನಿಂದ ಪಾರಾದ ನಾಯಕನ ಪಾಲಿಗೆ ಬರುವುದೂ ನಾಯಿಯ ಪಂಜವೇ.