ಆಮೆಗೆ ದಾರಿ ಹೇಳುವ ಮಕ್ಕಳು: ಸೆಮೂರ್ ಪ್ಯಾಪರ್ಟ್

ಬಿ.ಇಡಿ. ತರಗತಿಯಲ್ಲಿ ಪಿಯಾಜೆಯವರ ಹೆಸರು ಕೇಳದ ವಾರವಿಲ್ಲ. ಅವರೊಡನೆ ಜಿನೀವಾದಲ್ಲಿ ಕೆಲಸ ಮಾಡಿದ ಗಣಿತಜ್ಞ ಸೆಮೂರ್ ಪ್ಯಾಪರ್ಟ್ ಮಾತ್ರ ನಮ್ಮ ಟಿಪ್ಪಣಿಗಳಲ್ಲಿ ಅಪರೂಪ. ಬಡ ದೇಶಗಳ ಶಾಲಾಮಕ್ಕಳ ಕೈಗೆ ಅಗ್ಗದ ಕಂಪ್ಯೂಟರ್ ಕೊಡಬೇಕೆಂಬ ವಿಚಾರದ ಬೇರು ಇವರಲ್ಲಿದೆ.

ಪ್ಯಾಪರ್ಟ್ ಹುಟ್ಟಿದ್ದು 1928ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ. ಚಿಕ್ಕಂದಿನಲ್ಲಿ ಮೋಟಾರಿನ ಹಲ್ಲುಚಕ್ರಗಳೆಂದರೆ ಪ್ರಾಣ. ಒಂದು ಚಕ್ರ ಇಷ್ಟು ಸುತ್ತಿದರೆ ಇನ್ನೊಂದು ಎಷ್ಟು ಸುತ್ತೀತು ಎಂದು ಮನಸ್ಸಿನಲ್ಲೇ ತಿರುಗಿಸುತ್ತ ಗುಣಾಕಾರವನ್ನೂ ಸಮೀಕರಣವನ್ನೂ ಒಲಿಸಿಕೊಂಡರು. ಶಾಲೆಯಲ್ಲಿರುವಾಗಲೇ ಓದು ಬಾರದ ಕರಿಯ ಮನೆಗೆಲಸದವರಿಗೆ ಸಂಜೆ ಪಾಠ ಏರ್ಪಡಿಸಲು ಹೊರಟಿದ್ದರು. ವರ್ಣಭೇದದ ಆ ನಾಡಿನಲ್ಲಿ ಅದು ಸಣ್ಣ ಮಾತಲ್ಲ. ಮುಂದೆ ಕೇಂಬ್ರಿಜ್, ಜಿನೀವಾ, 1960ರ ದಶಕದಲ್ಲಿ ಅಮೆರಿಕದ ಎಂಐಟಿ.

1967ರಲ್ಲಿ ಸಹೋದ್ಯೋಗಿಗಳೊಡನೆ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ರೂಪಿಸಿದರು. ನಂತರ ಅದಕ್ಕೊಂದು ಆಮೆ ಸೇರಿತು. ನೂರು ಹೆಜ್ಜೆ ಮುಂದೆ, 90 ಡಿಗ್ರಿ ಬಲಕ್ಕೆ ಎಂದು ಮಗು ನಾಲ್ಕು ಸಲ ಆಜ್ಞೆ ಕೊಟ್ಟರೆ ಆಮೆ ಚೌಕ ಬರೆಯುತ್ತದೆ. ಕಂಪ್ಯೂಟರ್ ಮಗುವನ್ನು ನಡೆಸಬಾರದು, ಮಗುವೇ ಕಂಪ್ಯೂಟರನ್ನು ನಡೆಸಬೇಕು ಎಂಬುದು ಪ್ಯಾಪರ್ಟ್ ಅವರ ಹಟ.

ಬೇಮಳಖೇಡದಲ್ಲಿ ಅಭ್ಯಾಸ ಬೋಧನೆಯ ವೇಳೆ ಇದನ್ನು ಕಂಪ್ಯೂಟರ್ ಇಲ್ಲದೆಯೇ ಮಾಡಿಸಿದೆ. ಒಬ್ಬ ಹುಡುಗಿ ಸುಣ್ಣದ ಪುಡಿ ಹಿಡಿದು ಆಮೆಯಾದಳು, ಉಳಿದವರು ಆಜ್ಞೆ ಕೊಟ್ಟರು. ಚೌಕ ಸಲೀಸಾಗಿ ಬಂತು. ಸಮಬಾಹು ತ್ರಿಭುಜಕ್ಕೆ ಎಲ್ಲರೂ 60 ಡಿಗ್ರಿ ಎಂದು ಕೂಗಿದರು. ಮೂರು ಬಾಹು ಮುಗಿದರೂ ಹುಡುಗಿ ಹೊರಟಲ್ಲಿಗೆ ಮರಳಲಿಲ್ಲ. ಹಾಗೇ ಮುಂದುವರಿಸಿದಾಗ ಅಂಗಳದಲ್ಲಿ ಷಡ್ಭುಜ ಮೂಡಿತು. ಒಳಕೋನ 60 ಆದರೂ ತಿರುಗಬೇಕಾದದ್ದು 120 ಎಂದು ಅವರೇ ವಾದಿಸಿ ಕಂಡುಕೊಂಡರು. ತಪ್ಪಿದ ಹೆಜ್ಜೆಯನ್ನು ಹುಡುಕಿ ತಿದ್ದುವುದರಲ್ಲೇ ಕಲಿಕೆಯಿದೆ ಎಂದು ಪ್ಯಾಪರ್ಟ್ ನಂಬಿದ್ದರು. ಪಾಠಯೋಜನೆಯ ನಮೂನೆಯಲ್ಲಿ ಅದಕ್ಕೆ ಅಂಕಣವಿಲ್ಲ, ಇರಲಿ.

1982ರಲ್ಲಿ ಅವರೂ ನಿಕೊಲಾಸ್ ನೆಗ್ರೊಪಾಂಟೆಯವರೂ ಸೆನೆಗಲ್‌ನ ಡಾಕರ್ ನಗರದ ಶಾಲಾಮಕ್ಕಳಿಗೆ ಕಂಪ್ಯೂಟರ್ ತಲುಪಿಸಿದರು. ಅದೇ ಕನಸು 2005ರಲ್ಲಿ ನೂರು ಡಾಲರ್ ಲ್ಯಾಪ್‌ಟಾಪ್ ಯೋಜನೆಯಾಯಿತು: ಬಿಸಿಲಲ್ಲೂ ಓದಬಹುದಾದ ಪರದೆ, ಮಗುವಿಗೊಂದು ಯಂತ್ರ. ಬೆಲೆ ಮಾತ್ರ ಇನ್ನೂರು ಡಾಲರ್ ಸಮೀಪಕ್ಕೆ ಹೋಯಿತು. ಇದಕ್ಕೂ ಮೊದಲೇ, 2001ರಲ್ಲಿ, ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಸಂಗಡಿಗರೊಡನೆ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್ ತೋರಿಸಿದ್ದರು. ಕಾರ್ಡ್ ಬದಲಿಸಿ ಹಲವರು ಒಂದನ್ನೇ ಬಳಸಬಹುದಿತ್ತು. ನಮ್ಮಂಥ ಊರಿಗೆ ಆ ಉಪಾಯವೇ ಹೆಚ್ಚು ಒಪ್ಪುತ್ತಿತ್ತೆಂದು ನನಗನಿಸುತ್ತದೆ. ಆದರೆ ಅದು ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ.

2006ರಲ್ಲಿ ಭಾರತ ಸರ್ಕಾರ ಆ ಲ್ಯಾಪ್‌ಟಾಪ್ ಬೇಡವೆಂದಿತು. ಮೊದಲು ತರಗತಿ ಕೋಣೆ, ಶಿಕ್ಷಕರು ಬೇಕೆಂಬುದು ಕಾರಣ. ಅದನ್ನು ತಳ್ಳಿಹಾಕುವಂತಿಲ್ಲ. ಪೆರು ದೇಶದ ಹಳ್ಳಿಶಾಲೆಗಳಲ್ಲಿ ಲ್ಯಾಪ್‌ಟಾಪ್ ಹಂಚಿದ ಮೇಲೂ ಮಕ್ಕಳ ಗಣಿತ, ಭಾಷೆಯ ಅಂಕ ಏರಲಿಲ್ಲವೆಂದು 2012ರ ಅಧ್ಯಯನ ಹೇಳಿತು. ಯಂತ್ರ ಇಳಿಸಿ ಹೋದರೆ ಆಮೆಗೆ ಪ್ರಶ್ನೆ ಹುಟ್ಟಿಸುವವರು ಯಾರು? ಅದು ನಮ್ಮ ಕೆಲಸ.

ಅದನ್ನು ನೋಡಿ ಉತ್ತರಿಸುವ ಸ್ಥಿತಿಯಲ್ಲಿ ಪ್ಯಾಪರ್ಟ್ ಇರಲಿಲ್ಲ. 2006ರ ಡಿಸೆಂಬರಿನಲ್ಲಿ ಗಣಿತ ಬೋಧನೆಯ ಸಮ್ಮೇಳನಕ್ಕೆ ಹನೋಯ್‌ಗೆ ಹೋಗಿದ್ದಾಗ ರಸ್ತೆ ದಾಟುವಲ್ಲಿ ಮೋಟಾರ್‌ಬೈಕ್ ಡಿಕ್ಕಿಯಾಗಿ ಮೆದುಳಿಗೆ ಪೆಟ್ಟಾಯಿತು. ಮಾತನ್ನೂ ಹೊಸದಾಗಿ ಕಲಿಯಬೇಕಾಯಿತು. 2016ರ ಜುಲೈ 31ರಂದು ತೀರಿಕೊಂಡರು. ಅಷ್ಟರಲ್ಲಿ ಉರುಗ್ವೆಯ ಸರ್ಕಾರಿ ಪ್ರಾಥಮಿಕ ಶಾಲೆಗಳ ಮಕ್ಕಳಿಗೆಲ್ಲ ಆ ಹಸಿರು ಲ್ಯಾಪ್‌ಟಾಪ್ ಸಿಕ್ಕಿತ್ತು. ಅದರೊಳಗೆ ಆಮೆಯೂ ಇತ್ತು.