ಹಾಡು ಊರೆಲ್ಲರದು, ಹಕ್ಕು ಮಾತ್ರ ನಿರ್ಮಾಪಕರದು

ದಾವಣಗೆರೆಯ ಗಣೇಶೋತ್ಸವದ ಆರ್ಕೆಸ್ಟ್ರಾಗೆ ಹೋಗಿ, ಇಲ್ಲಾ ಹರಿಹರದ ಕಡೆ ಹೊರಟ ಬಸ್ಸು ಹತ್ತಿ. ರಾಜ್‌ಕುಮಾರ್ ಹಾಡು ಕಿವಿಗೆ ಬೀಳದೇ ಇರಲ್ಲ. ಬರೆದದ್ದು ಯಾರು ಅಂತ ಹುಡುಕಿದರೆ ಬಹಳಷ್ಟು ಸಲ ಸಿಗೋ ಹೆಸರು ಚಿ. ಉದಯಶಂಕರ್.

1934ರಲ್ಲಿ ಹುಟ್ಟಿದ ಅವರಿಗೆ ಸಿನಿಮಾ ಬರವಣಿಗೆ ಮನೆಯದೇ ಕಸುಬು; ತಂದೆ ಚಿ. ಸದಾಶಿವಯ್ಯನವರೂ ಚಿತ್ರಸಾಹಿತಿ. 1963ರ ‘ಸಂತ ತುಕಾರಾಂ’ನಿಂದ ಹಿಡಿದ ಪೆನ್ನನ್ನ 1993ರಲ್ಲಿ, 59 ವರ್ಷಕ್ಕೇ ತೀರಿಕೊಳ್ಳೋ ತನಕ ಕೆಳಗಿಡಲಿಲ್ಲ. ‘ಕಸ್ತೂರಿ ನಿವಾಸ’, ‘ಗಂಧದ ಗುಡಿ’, ‘ಮಯೂರ’... ಒಟ್ಟು ಸುಮಾರು 3,000 ಹಾಡು ಅಂತಾರೆ. ಸಂಭಾಷಣೆ ಬೇರೆ.

ಟ್ಯೂನಿಗೆ ಪದ ತುಂಬಿಸೋದು ಕಾವ್ಯವೇ ಅಲ್ಲ ಅಂತ ಮೂಗು ಮುರಿಯೋರು ಇವತ್ತಿಗೂ ಇದ್ದಾರೆ. ಎಂಜಿನಿಯರಿಂಗ್ ಓದಿ ಬಂದ ನನಗೆ ಅದು ಒಪ್ಪಿಗೆಯಿಲ್ಲ. ಅಳತೆ ಮೊದಲೇ ಕೊಟ್ಟಾಗಲೇ ಕೆಲಸಗಾರನ ಕೈಚಳಕ ಗೊತ್ತಾಗೋದು. 1974ರ ‘ಸಂಪತ್ತಿಗೆ ಸವಾಲ್’ ನೋಡಿ. ಮೂಲ ಪಿ.ಬಿ. ಧುತ್ತರಗಿಯವರ ನಾಟಕ, ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಬೆಳೆದ ದಾವಣಗೆರೆಗೆ ಆ ಲೋಕ ಚೆನ್ನಾಗಿ ಗೊತ್ತು. ಎಮ್ಮೆ ಮೇಲೆ ಕೂತ ನಾಯಕನಿಗೆ ಉದಯಶಂಕರ್ ಬರೆದುಕೊಟ್ಟ ಹಾಡಲ್ಲಿ ಸಂಸ್ಕೃತದ ಭಾರವಿಲ್ಲ, ಹಳ್ಳಿಯವನ ಬಗ್ಗೆ ತಾತ್ಸಾರವೂ ಇಲ್ಲ. ಅದನ್ನ ರಾಜ್‌ಕುಮಾರ್ ತಾವೇ ಹಾಡಿದರು. ಅವರು ಕಾಯಂ ಗಾಯಕರಾದದ್ದು ಅಲ್ಲಿಂದಲೇ.

ಇನ್ನು ದುಡ್ಡಿನ ಮಾತು. 1977ರಲ್ಲಿ, ಉದಯಶಂಕರ್ ಕೈತುಂಬ ಕೆಲಸದಲ್ಲಿದ್ದಾಗ, ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ನಿರ್ಮಾಪಕ ಸಂಭಾವನೆ ಕೊಟ್ಟು ಬರೆಸಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಹಾಡಿನ ಮೊದಲ ಹಕ್ಕುದಾರ ನಿರ್ಮಾಪಕನೇ. ಅಂದರೆ ಬರೆದವನಿಗೆ ಒಂದು ಸಲದ ಕೂಲಿ. ಆಮೇಲೆ ಕ್ಯಾಸೆಟ್ ಬರಲಿ, ಟೀವಿ ಬರಲಿ, ಕೇಳೋ ಹಾಗಿಲ್ಲ. ದಾವಣಗೆರೆಯ ಹತ್ತಿ ಮಿಲ್ಲಿನ ಕಾರ್ಮಿಕನಿಗಾದರೂ ಬೋನಸ್ ಕೇಳೋಕೆ ಯೂನಿಯನ್ ಇತ್ತು, ಕಾಮ್ರೇಡ್ ಪಂಪಾಪತಿ ಅಂಥವರಿದ್ದರು. ಆ ಕಾರ್ಮಿಕನ ಬಾಯಲ್ಲಿದ್ದ ಹಾಡನ್ನ ಬರೆದವರ ಪರ ಕಾನೂನೇ ಇರಲಿಲ್ಲ.

ಅದು ಬದಲಾದದ್ದು 2012ರಲ್ಲಿ. ಕವಿ, ಗೀತರಚನಕಾರ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಪಟ್ಟುಹಿಡಿದು ವಾದಿಸಿದರು. ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿಯಾಯಿತು. ಥಿಯೇಟರಿನಲ್ಲಿ ಸಿನಿಮಾ ಜೊತೆ ಬರೋದು ಬಿಟ್ಟು, ಹಾಡು ಬೇರೆ ಕಡೆ ಬಳಕೆಯಾದಾಗ ಸಿಗೋ ರಾಯಧನದಲ್ಲಿ ಬರೆದವರಿಗೆ ಸಮಪಾಲು. ಅದನ್ನ ಬರೆಸಿಕೊಂಡು ಕಿತ್ತುಕೊಳ್ಳೋ ಹಾಗಿಲ್ಲ.

ಅಷ್ಟೊತ್ತಿಗೆ ಉದಯಶಂಕರ್ ಹೋಗಿ 19 ವರ್ಷ. ಇವತ್ತು ಮೊಬೈಲಲ್ಲಿ ಅವರ ಹಾಡು ಹಾಕಿದರೆ ದೊಡ್ಡಕ್ಷರದಲ್ಲಿ ಬರೋದು ಗಾಯಕರ ಹೆಸರು. ಬರೆದವರು ಯಾರು ಅಂತ ನೋಡೋಕೆ ಇನ್ನೂ ಒಳಗೆ ಹುಡುಕಬೇಕು.